ರೋಣದ ರಸ್ತೆ ನಿಲ್ಲಿಸಿದ ಹಸಿರು ಖಣ

ಗಜೇಂದ್ರಗಡದ ಪೇಟೆಯಲ್ಲಿ ಭಾಂಡೆ ಅಂಗಡಿ ಅಂದಾನಪ್ಪನಷ್ಟು ಸುಖವಾಗಿರುವ ಗಂಡಸು ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಊರವರು ಯಾರೂ ಹೇಳುತ್ತಿರಲಿಲ್ಲ, ಸ್ವತಃ ಅಂದಾನಪ್ಪನೇ ಹೇಳುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಬರೀ ಒಂದು ಚಮಚ ಕೊಳ್ಳಲು ಬಂದವರಿಗೂ ಹೇಳುತ್ತಿದ್ದ. ಅದಕ್ಕೆ ಕಾರಣವಿತ್ತು.

ಹೆಂಡತಿ ಕಳಕವ್ವ ತಮ್ಮನ ಕೂಸಿನ ತೊಟ್ಟಿಲಿಗೆಂದು ತವರುಮನೆ ಸೂಡಿಗೆ ಹೊರಟಾಗ, ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನ ಕೇಳುವ ಹಾಗೆ ಅಂದಾನಪ್ಪ ಒಂದು ಭಾಷಣ ಮಾಡಿದ್ದ. "ಎಂಟ ದಿನಾ ಯಾಕ? ತಿಂಗಳ ಇದ್ದ ಬಾ, ಎರಡ ತಿಂಗಳ ಇದ್ದ ಬಾ. ನನಗೇನ ಅನ್ನಾ ಕುದಸಾಕ ಬರೂದಿಲ್ಲಂತ ತಿಳಕೊಂಡಿಯೇನ? ನೀ ಇಲ್ಲಂದ್ರ ಮನಿ ಎಷ್ಟ ಶಾಂತ ಇರತೈತಿ ಗೊತ್ತೈತೇನ?"

ಜನ ನಕ್ಕರು. ಕಳಕವ್ವ ನಗಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿ ನೋಡಿ, "ಆತ್ರಿ. ನೀವ ಕರಿಯಾಕ ಬಂದಾಗನ ಬರ್ತೀನಿ" ಅಂದಳು.

ಅದಾಗಿ ಐವತ್ತೆರಡು ದಿನ.

ಹಾಗಂತ ಮಾತು ಬಿಟ್ಟಿದ್ದರು ಅನ್ನಬೇಡಿ. ದಿನಾ ಫೋನ್ ಇತ್ತು. "ಅರಾಮ?" "ಅರಾಮ." "ಊಟಾ?" "ಆತು." ಅಲ್ಲಿಗೆ ಮುಗಿಯಿತು. ಬಾ ಅಂತ ಇವನು ಅನ್ನಲೊಲ್ಲ, ಬರ್ತೀನಿ ಅಂತ ಅವಳು ಅನ್ನಲೊಲ್ಲಳು. ತವರಿಗೆ ಹೋದ ಹೆಣ್ಣುಮಗಳನ್ನು ಗಂಡನ ಮನೆಯವರು ಹೋಗಿ, ಕುಪ್ಪಸದ ಖಣ ಕೊಟ್ಟು, ಕರೆದುಕೊಂಡು ಬರಬೇಕು. ಕರೆಯದೆ ಬಂದರೆ ಅವಳಿಗೆ ಅಪಮಾನ. ಭಾಷಣ ಮಾಡಿ ಕರೆಯಲು ಹೋದರೆ ಇವನಿಗೆ ಅಪಮಾನ. ನರಗುಂದಕ್ಕೆ ಕೊಟ್ಟ ಮಗಳು ಅನ್ನಪೂರ್ಣೇಶ್ವರಿ ಫೋನ್ ಮಾಡಿ, "ಅಪ್ಪಾ, ಹೋಗಿ ಅವ್ವನ್ನ ಕರಕೊಂಡ ಬಾರೋ" ಅಂತ ಗೋಗರೆದಳು. ಆಗ ಅಂದಾನಪ್ಪನಿಗೆ ಕೈಗೆ ಸಿಕ್ಕ ನೆಪವೆಂದರೆ ಸೂಡಿಯ ಮೇಲೆ ಹಾದುಹೋಗುವ ರೋಣದ ರಸ್ತೆ. "ಹೋಗ್ತಿದ್ನೆವ್ವಾ, ಆದ್ರ ರಸ್ತಾ ಕೆಲಸ ನಡದೈತಿ. ಬಂದ್ ಮಾಡ್ಯಾರ."

ರಸ್ತೆ ಬಂದ್ ಆಗಿರಲಿಲ್ಲ. ಕೆಲಸ ನಡೆದದ್ದು ಮಾತ್ರ ಖರೆ. ಅರ್ಧ ರಸ್ತೆಗೆ ಡಾಂಬರು ಹೊಡೆಯುತ್ತ, ಇನ್ನರ್ಧದಲ್ಲಿ ಗಾಡಿ ಬಿಡುತ್ತಿದ್ದರು. ಎಲ್ಲರೂ ಹೋಗಿ ಬರುತ್ತಿದ್ದರು. ಉಳ್ಳಾಗಡ್ಡಿ ಲಾರಿ ಹೋಗುತ್ತಿತ್ತು, ಮದುವೆಯ ಟೆಂಪೋ ಹೋಗುತ್ತಿತ್ತು. ಹೋಗಲಾರದವನು ಅಂದಾನಪ್ಪ ಒಬ್ಬನೇ.

ಸಂಗತಿ ಬಯಲಾದದ್ದು ಜಂಗ್ಲಿಸಾಬನ ಹಂಡೆಯಿಂದ. ಮಗಳು ಸಾಬೀರಾಳ ಲಗ್ನಕ್ಕೆ ಜಂಗ್ಲಿಸಾಬ ದೊಡ್ಡದೊಂದು ಸ್ಟೀಲ್ ಹಂಡೆ ತೆಗೆದುಕೊಂಡ, ಹೆಸರು ಕೊರೆದು ಕೊಡಿ ಅಂದ. ಅಂದಾನಪ್ಪ ಮಷಿನ್ ಹಿಡಿದು ಗುರ್ರ್ ಅನಿಸುತ್ತ, ಹೊರಗೆ ಹೋಗುವ ಸೂಡಿಯ ಬಸ್ಸನ್ನು ನೋಡುತ್ತ, ಚಂದದ ಅಕ್ಷರದಲ್ಲಿ ಕೊರೆದು ಕೊಟ್ಟ. ಜಂಗ್ಲಿಸಾಬ ಕನ್ನಡಕ ಏರಿಸಿ ಓದಿದ. ಇನ್ನೊಮ್ಮೆ ಓದಿದ.

"ಏನ್ರೀ ಸಾವಕಾರ್ರ, ನನ್ನ ಮಗಳ ಲಗ್ನದ ಹಂಡೇಕ್ಕ ಕಳಕವ್ವ ಅಂತ ಹಾಕೀರಲ್ರೀ! ನಾಳೆ ಬೀಗರು, ಈ ಕಳಕವ್ವ ಯಾರು ಅಂತ ಕೇಳಿದ್ರ ನಾ ಏನ ಹೇಳ್ಲಿ?"

"ಮಷಿನ್ ಕೆಟ್ಟೈತಿ" ಅಂದ ಅಂದಾನಪ್ಪ.

"ಮಷಿನ್ ಭಾಳ ಚಲೋ ಐತ್ರಿ. ಅದು ಖರೇ ಹೇಳೇತಿ. ನೀವ ಸುಳ್ಳ ಹೇಳಾಕತ್ತೀರಿ. ಹೋಗಿ ಕರಕೊಂಡ ಬರ್ರಿ."

ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಯಿತು. ಕಿರಾಣಿ ಅಂಗಡಿಯವನು, "ಅಂದಾನಪ್ಪ, ನಮ್ಮ ತಕ್ಕಡೀಗೂ ಒಂದ ಹೆಸರ ಹಾಕಿ ಕೊಡಪಾ" ಅಂದ. ಚಹಾದ ಅಂಗಡಿಯಲ್ಲಿ ಅವನು ಕಾಲಿಟ್ಟರೆ ಸಾಕು, ಜನ ಗ್ಲಾಸು ತಿರುಗಿಸಿ ತಳ ನೋಡತೊಡಗಿದರು. ತಡೆಯಲಾರದೆ ಅಂದಾನಪ್ಪ ಎದ್ದು ನಿಂತು ಘೋಷಿಸಿದ: "ನಾಳೆ ನಾ ರೋಣಕ್ಕ ಹೊಂಟೀನಿ. ದೊಡ್ಡ ಆರ್ಡರ್ ಐತಿ. ಸೂಡಿಗೆ ಅಲ್ಲ, ರೋಣಕ್ಕ!" ಜನ ಬಾಯಿಗೆ ಟಾವೆಲ್ ಅಡ್ಡ ಹಿಡಿದು, "ಹೌದ್ಹೌದು, ರೋಣಕ್ಕ" ಅಂದರು.

ಮರುದಿನ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಅಂದಾನಪ್ಪ ತನ್ನ ಮೋಟರ್‌ಸೈಕಲ್ ಹತ್ತಿದ. ಆರ್ಡರ್ ಹಿಡಿಯಲು ಹೋಗುವವರು ಅತ್ತರು ಹಚ್ಚಿಕೊಳ್ಳುತ್ತಾರೆಯೇ ಅಂತ ಕೇಳಬೇಡಿ. ಅಂದಾನಪ್ಪ ಹಚ್ಚಿಕೊಂಡಿದ್ದ.

ಸೂಡಿ ಇನ್ನೂ ಮೂರು ನಾಲ್ಕು ಕಿಲೋಮೀಟರ್ ಇರುವಾಗ ರಸ್ತೆಗೆ ಅಡ್ಡ ಬಿದಿರಿನ ಗಳ. ಪಕ್ಕದಲ್ಲಿ ಫಲಕ: ರಸ್ತೆ ಕಾಮಗಾರಿ ನಡೆದಿದೆ, ನಿಧಾನವಾಗಿ ಚಲಿಸಿ. ಫಲಕದ ಪಕ್ಕದಲ್ಲಿ ಪರಶಪ್ಪ. ಕಿತ್ತಳೆ ಬಣ್ಣದ ಜಾಕೀಟು, ಬಾಯಲ್ಲಿ ಸೀಟಿ; ಕೋಲಿಗೆ ಕಟ್ಟಿದ ನಿಶಾನೆ ಮಾತ್ರ ಆ ತುದಿಗೆ ಹೋಗಿತ್ತು. ಎರಡು ವಾರಗಳ ಹಿಂದೆ ಅವನು ಹೊಲದಲ್ಲಿ ಎತ್ತು ಹೊಡೆಯುತ್ತಿದ್ದ. ಈಗ ಲಾರಿಗಳು ಅವನ ಸೀಟಿಗೆ ನಿಲ್ಲುತ್ತಿದ್ದವು. ಅಧಿಕಾರ ತಲೆಗೇರಲು ಎರಡು ವಾರ ಧಾರಾಳವಾಯಿತು.

"ಇಪ್ಪತ್ತ ಮಿನಿಟ್ ನಿಂದ್ರಬೇಕು. ಗಾಡಿ ಬಂದ್ ಮಾಡ್ರಿ, ಎಣ್ಣಿ ಉಳಿತೈತಿ. ಬಿಟ್ಟ ಮ್ಯಾಲೆ ಇಪ್ಪತ್ತರ ಸ್ಪೀಡು. ಮುಂದಿನ ಗಾಡಿ ಹಿಂದ ಹಿಂದನ ಹೋಗಬ್ಯಾಡ್ರಿ, ಖಡಿಕಲ್ಲ ಸಿಡದ ಮಾರಿಗೆ ಬಡಿತೈತಿ. ಜೋರ ಬ್ರೇಕ್ ಹಾಕಬ್ಯಾಡ್ರಿ, ಜಾರತೈತಿ. ಓವರ್‌ಟೇಕ್ ಮಾಡಿದ್ರ ನಾ ಸುಮ್ನ ಬಿಡಂಗಿಲ್ಲ. ಎಡಕ ಹಸಿ ಡಾಂಬರ ಐತಿ, ಅದರ ಮ್ಯಾಲೆ ಗಾಲಿ ಇಡಬ್ಯಾಡ್ರಿ." ಪರಶಪ್ಪ ಇದನ್ನು ದಿನಕ್ಕೆ ನಲವತ್ತು ಸಲ ಒಂದೇ ಉಸಿರಿಗೆ ಹೇಳುತ್ತಿದ್ದ.

"ಅಲ್ಲೋ ಮಾರಾಯ" ಅಂದ ಅಂದಾನಪ್ಪ, "ರಸ್ತಾ ಚಲೋನ ಇತ್ತಲ್ಲ. ಒಂದ ತಗ್ಗ ಇದ್ದಿಲ್ಲ. ಇದಕ್ಯಾಕ ಇಷ್ಟ ಖಟಪಟಿ?"

"ನಾನೂ ಇಂಜಿನಿಯರ್ ಮೇಡಮ್ಮರಿಗೆ ಅದನ್ನ ಕೇಳಿದ್ನಿರಿ. ಚಲೋ ಇದ್ದಾಗನ ಮ್ಯಾಲೆ ಒಂದ ತೆಳ್ಳಗ ಡಾಂಬರ ಹೊಡದ, ಸಣ್ಣ ಖಡಿ ಹಾಸಿದ್ರ ನೀರ ಇಳಿಯಂಗಿಲ್ಲಂತ, ಹತ್ತ ವರ್ಷ ಬಾಳಿಕಿ ಬರತೈತಂತ. ತಗ್ಗ ಬಿದ್ದ ಮ್ಯಾಲೆ ಎಲ್ಲಾ ಕಿತ್ತ ಹಾಕಬೇಕಂತ. ತಿಳಿತೇನ್ರಿ?"

ಅಂದಾನಪ್ಪನಿಗೆ ತಿಳಿಯಿತು. ತಿಳಿದು ಬೇಜಾರಾಯಿತು.

ಈಗ ಆ ನಿಶಾನೆಯ ಮಾತು. ಕೆಲಸ ನಡೆದ ಈ ಮೂರು ಕಿಲೋಮೀಟರಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ನಡುವೆ ದಿನ್ನೆ, ಒಂದು ತುದಿಯಿಂದ ಇನ್ನೊಂದು ತುದಿ ಕಾಣುವುದಿಲ್ಲ. ಅದಕ್ಕೆ ಇಂಜಿನಿಯರ್ ಆರತಿ ಮೇಡಂ ಒಂದು ಶಿಸ್ತು ಮಾಡಿದ್ದರು. ಈ ತುದಿಯಿಂದ ಬಿಟ್ಟ ಗಾಡಿಗಳಲ್ಲಿ ಕಟ್ಟಕಡೆಯ ಗಾಡಿಯವನ ಕೈಗೆ ನಿಶಾನೆ ಕೊಡಬೇಕು. ಅವನು ಅದನ್ನು ಆ ತುದಿಯವನಿಗೆ ಮುಟ್ಟಿಸಬೇಕು. ನಿಶಾನೆ ಕೈಗೆ ಬಂದರೆ ದಾರಿ ಖಾಲಿಯಾಯಿತು ಅಂತ ಅರ್ಥ, ಆಗ ಮಾತ್ರ ಆ ಕಡೆಯ ಗಾಡಿ ಬಿಡಬೇಕು. ನಿಶಾನೆ ಬರದಿದ್ದರೆ ದೊರೆ ಬಂದು ನಿಂತರೂ ಬಿಡಬಾರದು.

ಹಳೆಯ ನಿಶಾನೆ ಡಾಂಬರು ಮೆತ್ತಿ ಕಪ್ಪಾಗಿತ್ತು. ಹೊಸದು ಕಳಿಸಿ ಅಂತ ಬರೆದರೆ ಬರುವಷ್ಟರಲ್ಲಿ ರಸ್ತೆಯೇ ಮುಗಿದಿರುತ್ತಿತ್ತು. ಅದಕ್ಕೆ ಅವತ್ತೇ ಬೆಳಿಗ್ಗೆ ಪರಶಪ್ಪ ಪೇಟೆಯ ಅರಿವೆ ಅಂಗಡಿಯಲ್ಲಿ ಹಸಿರು ಅಂದರೆ ಹಸಿರು ಇರುವಂಥ, ಕೆಂಪು ಅಂಚಿನ ಒಂದು ಕುಪ್ಪಸದ ಖಣ ತಂದು ಕೋಲಿಗೆ ಕಟ್ಟಿದ್ದ.

ಆ ಕಡೆಯ ಗಾಡಿಗಳು ಬಂದವು, ಕೊನೆಯವನು ನಿಶಾನೆ ಮುಟ್ಟಿಸಿದ, ಪರಶಪ್ಪ ಸೀಟಿ ಊದಿದ. ಬಸ್ಸು ಹೋಯಿತು, ಲಾರಿ ಹೋಯಿತು, ಟಂಟಂ ಹೋಯಿತು. ಅಂದಾನಪ್ಪ ಎಲ್ಲರಿಗೂ ದಾರಿ ಬಿಟ್ಟು ನಿಂತ. ಹೋಗಿ ಏನು ಹೇಳಬೇಕು ಅನ್ನುವುದೇ ಅವನಿಗಿನ್ನೂ ಹೊಳೆದಿರಲಿಲ್ಲ. ಹೀಗೆ ಅವನು ಕಟ್ಟಕಡೆಯವನಾದ.

"ತಗೋರಿ ಸಾವಕಾರ್ರ" ಅಂತ ಪರಶಪ್ಪ ನಿಶಾನೆ ಕೊಟ್ಟ. "ಆ ತುದೀಗೆ ನವಾಜ ನಿಂತಿರ್ತಾನ, ಅವನ ಕೈಯಾಗ ಕೊಡ್ರಿ. ಮರಿಬ್ಯಾಡ್ರಿ, ನೀವ ಮರತ್ರ ಎರಡೂ ಕಡೆ ಗಾಡಿ ನಿಂತ ಬಿಡ್ತಾವ."

"ನಾ ಏನ ಸಣ್ಣ ಹುಡುಗನೇನು?" ಅಂದ ಅಂದಾನಪ್ಪ, ಕೋಲನ್ನು ಬಗಲಲ್ಲಿ ಒತ್ತಿ ಹೊರಟ.

ಅರ್ಧ ದಾರಿ ಸರಿಯಾಗಿಯೇ ಹೋದ. ಅಲ್ಲಿ ಎಡಕ್ಕೆ ಒಂದು ಹೊಲದ ಹಾದಿ, ಸೂಡಿಗೆ ಒಳದಾರಿ. ಹೊಲದ ನಡುವೆ ಒಬ್ಬ ಹೆಂಗಸು ಸೆರಗು ಹೊದ್ದು, ಒಂದು ಕೈ ಮೇಲೆತ್ತಿ ನಿಂತಿದ್ದಳು. ಅಂದಾನಪ್ಪ ಬ್ರೇಕ್ ಒತ್ತಿದ. ಅದೇ ಎತ್ತರ, ಅದೇ ನಿಲುವು, ಕಳಕವ್ವ! ತನ್ನನ್ನೇ ಕರೆಯುತ್ತಿದ್ದಾಳೆ! ತಲೆಯಿಂದ ಪರಶಪ್ಪ ಹೋದ, ನವಾಜ ಹೋದ, ಶಿಸ್ತು ಹೋಯಿತು. ಹಸಿ ಡಾಂಬರನ್ನು ಅಡ್ಡ ದಾಟಿ ಅವನ ಗಾಡಿ ಹೊಲಕ್ಕಿಳಿಯಿತು. "ಕಳಕಾ! ಏ ಕಳಕಾ!"

ಹತ್ತಿರ ಹೋಗಿ ನೋಡಿದರೆ ಬೆದರುಗೊಂಬೆ. ಹಳೇ ಸೀರೆ ಉಡಿಸಿ, ಮಡಿಕೆಯ ತಲೆ ಇಟ್ಟಿದ್ದರು. ಅಂದಾನಪ್ಪ ಅದರ ಮುಂದೆ ಸ್ವಲ್ಪ ಹೊತ್ತು ನಿಂತ. ಐವತ್ತೆರಡು ದಿನದಲ್ಲಿ ಕೈ ಮಾಡಿ ಕರೆದದ್ದು ಇದೊಂದೇ ಅನ್ನಿಸಿತು ಪಾಪ. ಅಲ್ಲಿಂದ ಸೂಡಿಯ ಮನೆಗಳು ಕಾಣುತ್ತಿದ್ದವು. ಇಷ್ಟು ಬಂದವನು ತಿರುಗಿ ಹೋಗುವುದು ಹೇಗೆ? ನಿಶಾನೆ ಬಗಲಲ್ಲಿದೆ ಅನ್ನುವುದು ಅವನ ತಲೆಯಲ್ಲಿ ಉಳಿದಿರಲೇ ಇಲ್ಲ.

ಅತ್ತೆ ಗಾಳೆವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅಳಿಯ ಗಾಡಿಯಿಂದಿಳಿದದ್ದು ನೋಡಿದಳು. ಬಿಳಿ ಅಂಗಿ ನೋಡಿದಳು. ಬಗಲಲ್ಲಿ ಕೋಲಿಗೆ ಕಟ್ಟಿದ ಹಸಿರು ಖಣ ನೋಡಿದಳು. ಶೇಂಗಾದ ಮೊರ ಉರುಳಿತು.

"ಕಳಕಾ! ಅಳಿಯಂದ್ರ ಕರಿಯಾಕ ಬಂದಾರ! ಖಣ ತಂದಾರ! ಬರ್ರಿ, ಬರ್ರಿ. ಅಯ್ಯ, ಕೋಲಿಗ್ಯಾಕ ಕಟ್ಟೀರಿ?"

ಅಂದಾನಪ್ಪ ಬಗಲು ನೋಡಿಕೊಂಡ. ನವಾಜನ ನೆನಪು ಈಗ ಬಂತು. ಖರೆ ಹೇಳಿದರೆ ಬರಿಗೈಲಿ ಬಂದ ಅಳಿಯನಾಗುತ್ತಾನೆ. "ಅದು... ಹಾದ್ಯಾಗ ಧೂಳ ಭಾಳ ಐತ್ರಿ ಅತ್ತಿ. ಧೂಳ ಹತ್ತಬಾರದಂತ ಎತ್ತರಕ್ಕ ಕಟ್ಟೇನಿ."

"ಏನ ಕಾಳಜಿ!" ಅಂತ ಗಾಳೆವ್ವ ಕಣ್ಣು ಒರೆಸಿಕೊಂಡಳು. ಐದು ಮಿನಿಟು ಕುಳಿತು, ಯಾರೂ ನೋಡದಾಗ ಬಿಚ್ಚಿಕೊಂಡು ಓಡುವುದು ಅಂತ ಅಂದಾನಪ್ಪ ಲೆಕ್ಕ ಹಾಕಿದ. ಅಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳು ಬಂದಾಗಿತ್ತು, ಕೋಲು ಬೇರೆ ಖಣ ಬೇರೆ ಆಗಿತ್ತು.

ಕಳಕವ್ವ ಒಳಗಿಂದ ಬಂದಳು. ರೊಟ್ಟಿಯ ಹಿಟ್ಟು ಕೈಗೆ ಹಾಗೇ ಇತ್ತು. ಗಂಡನನ್ನು ತಲೆಯಿಂದ ಕಾಲತನಕ ನೋಡಿದಳು.

"ಸೊರಗೀರಿ" ಅಂದಳು.

ನೀ ಇಲ್ಲದೆ ಸೊರಗಿದೆ ಅನ್ನಬೇಕಿತ್ತು. ನಾಲಿಗೆಯ ಮೇಲೂ ಬಂದಿತ್ತು. ಆದರೆ ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. "ಛೇ ಛೇ, ಎರಡ ಕಿಲೋ ಹೆಚ್ಚಾಗೇನಿ. ರೋಣಕ್ಕ ಹೊಂಟಿದ್ದೆ, ಆರ್ಡರ್ ಇತ್ತು. ಹಾದ್ಯಾಗ ಸೂಡಿ ಬಂತು. ಬಂದೆ."

ಕಳಕವ್ವನ ಮುಖ ಬಾಡಿತು. "ಹಾದ್ಯಾಗ ಬಂತಂತ ಬಂದೀರಿ" ಅಂದಳು.

ಗಾಳೆವ್ವ ಬಿಡುವವಳೇ? ಮಗಳನ್ನು ಮಣೆಯ ಮೇಲೆ ಕೂರಿಸಿ, ಸೆರಗಿನ ಮಡಿಲಿಗೆ ಉಡಿ ತುಂಬಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಉತ್ತತ್ತಿ, ಅರಿಷಿಣದ ಬೇರು, ಬೆಲ್ಲ. ಎಲ್ಲದರ ಮೇಲೆ, ಕುಂಕುಮ ಹಚ್ಚಿ, ಹೆದ್ದಾರಿಯ ನಿಶಾನೆ ಬಿತ್ತು.

ಅತ್ತ ರಸ್ತೆಯ ಮೇಲೆ ಪ್ರಳಯ. ಆ ತುದಿಯಲ್ಲಿ ನವಾಜ ನಿಶಾನೆ ಬರಲಿಲ್ಲ ಅಂತ ಬಿಡಲೊಲ್ಲ. ಈ ತುದಿಯಲ್ಲಿ ಪರಶಪ್ಪನ ಕೈ ಖಾಲಿ. ಇನ್ನೊಂದು ಅರಿವೆ ಕಟ್ಟಿ ಬಿಟ್ಟರಾಯಿತು ಅಂತ ಯಾರೋ ಅಂದರು. "ಹಂಗ ಬಿಟ್ರ, ಒಳಗ ಒಬ್ಬ ಸಿಕ್ಕೊಂಡಿದ್ರ?" ಅಂತ ಆರತಿ ಮೇಡಂ ಗದರಿದರು. ಒಳಗೆ ಒಬ್ಬ ಸಿಕ್ಕಿಕೊಂಡಿದ್ದಾನೆ ಅನ್ನುವ ಮಾತು ಗಾಡಿಯಿಂದ ಗಾಡಿಗೆ ಹೋಗುತ್ತ, ಮೂವತ್ತನೇ ಗಾಡಿ ಮುಟ್ಟುವಷ್ಟರಲ್ಲಿ ಒಬ್ಬ ಭಾಂಡೆ ವ್ಯಾಪಾರಿ ರೋಲರಿನ ಕೆಳಗೆ ಸಿಕ್ಕಿದ್ದಾನೆ, ಬಿಳಿ ಅಂಗಿ ಮಾತ್ರ ಕಾಣುತ್ತಿದೆ ಅಂತಾಗಿತ್ತು. ರೋಲರ್ ಡ್ರೈವರ್ ಇಳಿದು ಗಾಲಿಯ ಕೆಳಗೆ ಇಣುಕಿ, ಏನೂ ಕಾಣದೆ, ಆದರೂ ಅಳತೊಡಗಿದ.

ಕೊನೆಗೆ ಎಲ್ಲರೂ ಹುಡುಕುತ್ತ ಒಳಗೆ ನಡೆದಾಗ ಪರಶಪ್ಪನ ಕಣ್ಣಿಗೇ ಬಿತ್ತು. ನುಣ್ಣಗೆ ಹೊಡೆದ ಹಸಿ ಡಾಂಬರಿನ ಮೇಲೆ ಅಡ್ಡ ಒಂದು ಗಾಲಿಯ ಗೆರೆ. ಅಲ್ಲಿಂದ ಹೊಲದ ಹಾದಿಗುಂಟ ಕರಿ ಕಲೆ, ಖಡಿ ಮೆತ್ತಿದ ಕಲೆ. "ಹೊರಳ್ಯಾನ್ರೀ ಮಗಾ!" ಅಂತ ಅವನು ಓಡಿದ. ಹಿಂದೆ ಮೇಡಂ, ಅವರ ಹಿಂದೆ ಆಮೇಲೆ ಬಂದು ನಿಂತಿದ್ದ ಬಸ್ಸಿನ ಕಂಡಕ್ಟರು, ಲಾರಿಯವರು, ಟಂಟಂದ ತುಂಬ ಇದ್ದ ಬೀಗರು, ಸುಮ್ಮನೆ ಕುಳಿತು ಬೇಜಾರಾಗಿದ್ದವರು. ಆ ಕರಿ ಗೆರೆ ಎಲ್ಲಿಯೂ ತಪ್ಪದೆ ಗಾಳೆವ್ವನ ಅಂಗಳಕ್ಕೆ ಬಂದು ನಿಂತಿತ್ತು.

"ನಿಶಾನಿ ಎಲ್ರೀ ಸಾವಕಾರ್ರ?" ಪರಶಪ್ಪ ಏದುಸಿರು ಬಿಡುತ್ತ ಕೇಳಿದ.

ಅಂದಾನಪ್ಪ ಕಣ್ಣಿನಿಂದಷ್ಟೇ ಹೆಂಡತಿಯ ಉಡಿ ತೋರಿಸಿದ.

"ಅದ ನಮ್ಮದು! ಕೊಡ್ರಿ ಅಕ್ಕಾರ!"

ಗಾಳೆವ್ವ ನಡುವೆ ಬಂದು ನಿಂತಳು. "ಯಾವಾಂವಲೇ ಅಂವ? ನನ್ನ ಅಳಿಯಾ ತಂದ ಖಣಾ ಅದು. ಉಡ್ಯಾಗ ಬಿದ್ದದ್ದನ್ನ ಯಾರೂ ಇಸಕೊಳ್ಳಂಗಿಲ್ಲ. ಸರಕಾರ ಬಂದ್ರೂ ಇಸಕೊಳ್ಳಂಗಿಲ್ಲ!"

"ಅಮ್ಮಾ" ಅಂದರು ಆರತಿ ಮೇಡಂ, "ಎರಡೂ ಕಡೆ ಇನ್ನೂರ ಗಾಡಿ ನಿಂತಾವ್ರಿ. ಅದು ನಿಶಾನಿ."

"ನಿಶಾನಿಗೆ ಅಂಚ ಇರತೈತೇನವಾ?" ಅಂತ ಗಾಳೆವ್ವ ಕೇಳಿದಳು. ಮೇಡಂ ಪರಶಪ್ಪನ ಕಡೆ ನೋಡಿದರು. ಪರಶಪ್ಪ ಆಕಾಶ ನೋಡಿದ.

ಕಳಕವ್ವನಿಗೆ ಈಗ ಎಲ್ಲ ತಿಳಿಯಿತು. ಖಣ ಕೂಡ ತನಗಾಗಿ ತಂದದ್ದಲ್ಲ. ಅವಳು ಉಡಿಯನ್ನು ಎರಡೂ ಕೈಲಿ ಗಟ್ಟಿಯಾಗಿ ಹಿಡಿದು ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಧ್ವನಿ ಮಾತ್ರ ಬೆಂಕಿ.

"ಉಡ್ಯಾಗಿಂದು ನಂದು. ನಾ ಕೊಟ್ರ ಹೊಕ್ಕೈತಿ, ಇಲ್ಲಂದ್ರ ಇಲ್ಲ. ಕೊಡ್ತೀನಿ. ಇವರು ಯಾಕ ಬಂದಾರ ಅನ್ನೂದನ್ನ ಇವರ ಬಾಯಿಲೆ ಹೇಳ್ಲಿ. ಆರ್ಡರ್ ಇತ್ತಂದ್ರ ರೋಣಕ್ಕ ಹೋಗ್ಲಿ."

ಅಂಗಳದ ಜನವೆಲ್ಲ ಅಂದಾನಪ್ಪನತ್ತ ತಿರುಗಿತು.

"ಅದನ ಹೇಳಿದ್ನೆಲ್ಲ, ಹಾದ್ಯಾಗ..." ಅಂತ ಶುರು ಮಾಡಿದ.

"ಹೇ!" ಅಂತ ಜನ ಕೂಗಿತು.

"ಮಗಳ ಫೋನ್ ಮಾಡಿದ್ಳು, ಅದಕ್ಕ..."

"ಸುಳ್ಳ!" ಅಂದ ಕಂಡಕ್ಟರು. ಅವನಿಗೆ ಇವರು ಯಾರೆಂದೂ ಗೊತ್ತಿರಲಿಲ್ಲ. "ನನ್ನ ಬಸ್ಸಿನ್ಯಾಗ ಐವತ್ತ ಮಂದಿ ಅದಾರ. ಖರೇ ಹೇಳೋ ಮಾರಾಯಾ!"

"ಲಗೂ ಹೇಳ್ರಿ, ಮುಹೂರ್ತ ಮೀರತೈತಿ!" ಅಂದ ಬೀಗರ ಹಿರಿಯ.

ಅಂದಾನಪ್ಪ ಬೆವರು ಒರೆಸಿಕೊಂಡ. ಮಾತು ಹುಡುಕಿದ. ಈ ಐವತ್ತೆರಡು ದಿನ ಅವನು ಆಡಿದ ಭಾಷಣವೆಲ್ಲ ಈಗ ಯಾವ ಉಪಯೋಗಕ್ಕೂ ಬರಲಿಲ್ಲ. ನೆಲ ನೋಡುತ್ತ, ಮೆಲ್ಲಗೆ ಶುರು ಮಾಡಿದ.

"ಬಾಗಲಾ ಹಾಕೂದಿಲ್ಲ ಕಳಕಾ. ನೀ ಹ್ವಾದಾಗಿಂದ ಅಗಳಿ ಹಾಕಾಕ ಕೈ ಬರಲೊಲ್ದು. ಒಂದ ವ್ಯಾಳ್ಯಾ ನೀ ಬಂದ್ರ, ಬಾಗಲಾ ಹಾಕೇತಂತ ಹೊಳ್ಳಿ ಹೋದಿ ಅಂದ್ರ? ತಗದ ಇಡ್ತೀನಿ. ಓಣ್ಯಾಗಿನ ನಾಯಿ ಒಳಗ ಬಂದ ನಿನ್ನ ಜಾಗಾದಾಗ ಮಲಗತೈತಿ. ಹೊಡದ ಹಾಕಾಕ ಮನಸ ಬರೂದಿಲ್ಲ. ಅದು ಹೊಳ್ಳಿ ಮಲಗಿದ್ರ ನೀನ ಹೊಳ್ಳಿ ಮಲಗಿದಿ ಅನಸತೈತಿ." ಅವನು ತಲೆ ಎತ್ತಿ ಅವಳನ್ನು ನೋಡಿದ. "ಶಾಂತ ಬ್ಯಾಡ ನನಗ. ಮನಿ ಶಾಂತ ಆಗಿ ಆಗಿ ಕಿವಿ ನೋಯಾಕತ್ತಾವ. ನಿನ್ನ ಕರಿಯಾಕ ಬಂದೀನಿ. ರೋಣದಾಗ ಯಾವ ಆರ್ಡರೂ ಇಲ್ಲ. ಬಾ."

ಲಾರಿಯವನೊಬ್ಬ ಮೂಗು ಸೀನಿಕೊಂಡ. ಆರತಿ ಮೇಡಂ ಹೆಲ್ಮೆಟ್ ಸರಿ ಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದರು.

ಕಳಕವ್ವ ಉಡಿಯಿಂದ ಖಣ ತೆಗೆದು ಪರಶಪ್ಪನ ಕೈಗಿತ್ತಳು. "ತಗೋಪಾ. ಕುಂಕುಮ ಹತ್ತೇತಿ, ನಡೀತೈತೇನು?"

"ಇನ್ನ ಚಲೋ ಕಾಣತೈತ್ರಿ" ಅಂದ ಪರಶಪ್ಪ. ಕೋಲು ಹುಡುಕಿ ಕಟ್ಟಿಕೊಂಡು, ಎರಡೂ ಕೈಲಿ ಎತ್ತಿ ಹಿಡಿದು ಓಡಿದ. ಅವನ ಹಿಂದೆ ಜನವೆಲ್ಲ ಓಡಿತು. ನೋಡನೋಡುತ್ತ ಅಂಗಳ ಖಾಲಿ. ಉಳಿದದ್ದು ಅಂದಾನಪ್ಪ, ಅವನ ಡಾಂಬರು ಮೆತ್ತಿದ ಗಾಡಿ, ಚೆಲ್ಲಿದ ಶೇಂಗಾ.

ಕಳಕವ್ವ ಬೆನ್ನು ತಿರುಗಿಸಿ ಒಳಗೆ ಹೋದಳು.

ಅಂದಾನಪ್ಪ ನಿಂತ. ದೂರದಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟದ್ದು ಕೇಳಿಸಿತು, ಲಾರಿಗಳು ಹೊರಟದ್ದು ಕೇಳಿಸಿತು. ಎಲ್ಲರ ದಾರಿಯೂ ತೆರೆಯಿತು. ಒಳಗಿಂದ ಸಪ್ಪಳವಿಲ್ಲ. ಇಷ್ಟು ಜನರ ಮುಂದೆ ಮರ್ಯಾದೆ ಕಳೆದುಕೊಂಡೂ ಒಬ್ಬನೇ ಹೋಗಬೇಕಾಯಿತಲ್ಲ ಅಂತ ಅವನು ಗಾಡಿಯ ಸ್ಟ್ಯಾಂಡ್ ತೆಗೆದ.

ಅಷ್ಟರಲ್ಲಿ ಕಳಕವ್ವ ಹೊರಬಂದಳು, ಕೈಯಲ್ಲಿ ಒಂದು ಚೀಲ. ಎರಡು ಮಿನಿಟೂ ಆಗಿರಲಿಲ್ಲ.

"ಇಷ್ಟ ಲಗೂ ಅರಿವಿ ಎಲ್ಲಾ ತುಂಬಿಕೊಂಡ್ಯಾ?" ಅಂದ ಅಂದಾನಪ್ಪ, ಬಾಯಿಬಿಟ್ಟು.

"ತುಂಬೂದೇನ ಬಂತ್ರೀ?" ಅಂತ ಕಟ್ಟೆಯ ಮೇಲಿನಿಂದ ಗಾಳೆವ್ವ ಅಂದಳು. "ಬಂದ ಒಂಬತ್ತನೇ ದಿನಕ್ಕ ಕಟ್ಟಿ ಬಾಗಲ ಹಿಂದ ಇಟ್ಟಾಳ. ಇವತ್ತ ಬರ್ತಾರ, ನಾಳೆ ಬರ್ತಾರ, ಮತ್ತ ಬಿಚ್ಚೂದ್ಯಾಕವಾ ಅಂತ. ಅವತ್ತಿನಿಂದ ನನ್ನ ಸೀರಿನ ಉಟ್ಟಾಳ. ನನಗ ಉಡಾಕ ಎರಡ ಉಳದಾವ ನೋಡ್ರಿ."

ಕಳಕವ್ವ ತಲೆ ತಗ್ಗಿಸಿ, ಅವ್ವನ ಸೀರೆಯ ನಿರಿಗೆ ಎತ್ತಿ ಹಿಡಿದು, ಗಾಡಿಯ ಹಿಂದೆ ಕುಳಿತಳು. ಅಂದಾನಪ್ಪ ನಾಲ್ಕು ಸಲ ಕಿಕ್ ಹೊಡೆದ. ಕಣ್ಣು ಮಂಜಾಗಿ ಕಾಲು ಎಲ್ಲಿ ಬೀಳುತ್ತಿದೆ ಅನ್ನುವುದೇ ಅವನಿಗೆ ಕಾಣುತ್ತಿರಲಿಲ್ಲ.